ಮೂತ್ರದ ಪಟ್ಟಿ ಪರೀಕ್ಷೆ ಮತ್ತು ಕಿಡ್ನಿ: ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಬ್ ಕೌಂಟರಿನಲ್ಲಿ ರಿಪೋರ್ಟ್ ಕೊಡುವಾಗ ಜನ ಕೇಳುವ ಪ್ರಶ್ನೆಗಳು, ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಕೇಳುವವು, ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರು ಮೆಲ್ಲಗೆ ಕೇಳುವವು, ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ನಾನು ಲ್ಯಾಬ್ ಟೆಕ್ನೀಷಿಯನ್, ಡಾಕ್ಟರ್ ಅಲ್ಲ. ಪಟ್ಟಿ, ಅಂದರೆ ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಸ್ಟ್ರಿಪ್, ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವಷ್ಟು ನನಗೆ ಗೊತ್ತು. ಔಷಧಿ ಬರೆಯುವುದು ಡಾಕ್ಟರ ಕೆಲಸ.

## ಮೊದಲ ಪ್ರಶ್ನೆಗಳು

ಮೇಡಂ, ಇಷ್ಟು ಸಣ್ಣ ಪಟ್ಟಿ ಅದ್ದಿದರೆ ಕಿಡ್ನಿ ಎಷ್ಟು ಕೆಲಸ ಮಾಡ್ತಿದೆ ಅಂತ ಗೊತ್ತಾಗುತ್ತಾ?

ಇಲ್ಲ. ಎಲ್ಲರೂ ಎಡವುವುದು ಇಲ್ಲೇ. ಹೊಲದ ಪಂಪ್‌ಸೆಟ್ ನೆನಪಿಸಿಕೊಳ್ಳಿ. ಪಂಪು ಗಂಟೆಗೆ ಎಷ್ಟು ನೀರು ಎತ್ತುತ್ತಿದೆ ಅನ್ನುವುದು ಒಂದು ಪ್ರಶ್ನೆ, ಪೈಪು ಎಲ್ಲಾದರೂ ಸೋರುತ್ತಿದೆಯಾ ಅನ್ನುವುದು ಬೇರೆ ಪ್ರಶ್ನೆ. ಪಟ್ಟಿ ಉತ್ತರ ಕೊಡುವುದು ಎರಡನೆಯದಕ್ಕೆ ಮಾತ್ರ. ಮೊದಲನೆಯದಕ್ಕೆ ರಕ್ತ ಕೊಟ್ಟು ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ) ನೋಡಿಸಬೇಕು, ಅದರಿಂದ ಇಜಿಎಫ್‌ಆರ್, ಅಂದರೆ ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತಿದೆ ಅನ್ನುವ ಅಂದಾಜು, ಲೆಕ್ಕ ಹಾಕಬೇಕು.

ಹಾಗಂತ ಪಟ್ಟಿ ಕೆಲಸಕ್ಕೆ ಬಾರದ್ದು ಅಂತಲ್ಲ. ಎಷ್ಟೋ ಕಾಯಿಲೆಗಳಲ್ಲಿ ಕ್ರಿಯಾಟಿನಿನ್ ಏರುವುದಕ್ಕೆ ವರ್ಷಗಳ ಮೊದಲೇ ಸೋರಿಕೆ ಶುರುವಾಗಿರುತ್ತದೆ. ಆಗಲೇ ಸಿಕ್ಕಿಬಿದ್ದರೆ ಮಾಡುವುದಕ್ಕೆ ಬೇಕಾದಷ್ಟಿದೆ.

ಯೂರಿನ್‌ನಲ್ಲಿ ಅಲ್ಬುಮಿನ್ ಹೋಗ್ತಿದೆ ಅಂದರು. ಅದೇನು?

ಅಲ್ಬುಮಿನ್ ಒಂದು ಪ್ರೋಟೀನ್. ಲಿವರ್‌ನಲ್ಲಿ ತಯಾರಾಗಿ ರಕ್ತದಲ್ಲಿ ಇರುತ್ತದೆ. ರಕ್ತದ ನೀರನ್ನು ರಕ್ತನಾಳದೊಳಗೆ ಹಿಡಿದಿಡುವುದರಲ್ಲಿ ಇದರ ಪಾಲು ದೊಡ್ಡದು. ನಮ್ಮ ಎರಡು ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿ ಹೆಚ್ಚಿನದನ್ನು ವಾಪಸ್ ಹೀರಿಕೊಂಡು ಒಂದೂವರೆ ಎರಡು ಲೀಟರ್ ಮಾತ್ರ ಮೂತ್ರವಾಗಿ ಬಿಡುತ್ತವೆ. ಸೋಸುವ ಪೊರೆ ಸರಿ ಇದ್ದರೆ ಅಲ್ಬುಮಿನ್ ಆಚೆ ದಾಟುವುದಿಲ್ಲ. ದಾಟಿದರೂ ಪಟ್ಟಿಗೆ ಗೊತ್ತಾಗದಷ್ಟು ಕಡಿಮೆ. ಪಟ್ಟಿಯಲ್ಲಿ ಕಾಣುವಷ್ಟು ಬರುತ್ತಿದೆ, ಅದೂ ಮತ್ತೆ ಮತ್ತೆ ಬರುತ್ತಿದೆ ಅಂದರೆ ಪೊರೆಗೆ ಏನೋ ಆಗಿದೆ.

ಆ ಪಟ್ಟಿಗೆ ಹೇಗೆ ಗೊತ್ತಾಗುತ್ತೆ? ಬಣ್ಣ ಯಾಕೆ ಬದಲಾಗುತ್ತೆ?

ಪ್ಲಾಸ್ಟಿಕ್ ಪಟ್ಟಿಯ ಮೇಲೆ ಸಣ್ಣ ಸಣ್ಣ ಚೌಕಗಳಿರುತ್ತವೆ. ಒಂದೊಂದರಲ್ಲೂ ಬೇರೆ ಬೇರೆ ರಾಸಾಯನಿಕ ಒಣಗಿಸಿ ಇಟ್ಟಿರುತ್ತಾರೆ. ಪ್ರೋಟೀನ್ ಚೌಕದಲ್ಲಿ ಇರುವುದು ಆಮ್ಲದ ಮಟ್ಟ ತೋರಿಸುವ ಒಂದು ಬಣ್ಣ, ಹೆಚ್ಚಿನ ಪಟ್ಟಿಗಳಲ್ಲಿ ಟೆಟ್ರಾಬ್ರೋಮೋಫಿನಾಲ್ ಬ್ಲೂ. ಅದನ್ನು ಪಿಎಚ್ 3ರಲ್ಲಿ ಗಟ್ಟಿಯಾಗಿ ಕಟ್ಟಿಹಾಕಿರುತ್ತಾರೆ, ಹಾಗಾಗಿ ಹಳದಿಯಾಗೇ ಇರಬೇಕು. ಆದರೆ ಅಲ್ಬುಮಿನ್ ಬಂದು ಆ ಬಣ್ಣಕ್ಕೆ ಅಂಟಿಕೊಂಡರೆ ಪಿಎಚ್ ಬದಲಾಗದಿದ್ದರೂ ಬಣ್ಣ ತಿರುಗುತ್ತದೆ. ಹಳದಿ ಹೋಗಿ ತಿಳಿಹಸಿರು, ಆಮೇಲೆ ಹಸಿರು, ಜಾಸ್ತಿ ಇದ್ದರೆ ನೀಲಿ ಕಡೆಗೆ.

ಅದ್ದಿ ತಕ್ಷಣ ಓದುವ ಇಂಥ ಪಟ್ಟಿಗಳನ್ನು ರೂಪಿಸಿದವರು ಅಮೆರಿಕದ ಹೆಲೆನ್ ಫ್ರೀ ಮತ್ತು ಆಲ್ಫ್ರೆಡ್ ಫ್ರೀ ದಂಪತಿ. ಮೂತ್ರದ ಸಕ್ಕರೆ ನೋಡುವ ಅವರ ಪಟ್ಟಿ 1956ರಲ್ಲಿ ಬಂತು, ಅದರ ಬೆನ್ನಿಗೇ ಪ್ರೋಟೀನ್ ಪಟ್ಟಿ. ಈಗ ಒಂದೇ ಪಟ್ಟಿಯಲ್ಲಿ ಹತ್ತು ಚೌಕ ಇರುತ್ತವೆ. ಸರ್ಕಾರಿ ಉಪಕೇಂದ್ರಗಳಲ್ಲಿ ಸಾಮಾನ್ಯವಾಗಿ ಕಾಣುವುದು ಎರಡು ಚೌಕದ್ದು, ಅಲ್ಬುಮಿನ್ ಮತ್ತು ಶುಗರ್.

ಮೊದಲೆಲ್ಲಾ ಟ್ಯೂಬಿನಲ್ಲಿ ಕುದಿಸಿ ನೋಡ್ತಿದ್ರು, ಅದೇ ಒಳ್ಳೇದಲ್ವಾ?

ಅದು ಹಳೇ ವಿದ್ಯೆ. 1827ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಎಂಬ ವೈದ್ಯರು ಮೈ ಊದಿಕೊಂಡು ಬಂದವರ ಮೂತ್ರ ಕಾಯಿಸಿದರೆ ಹೆಪ್ಪುಗಟ್ಟುತ್ತದೆ, ಅವರು ತೀರಿಕೊಂಡ ಮೇಲೆ ನೋಡಿದರೆ ಕಿಡ್ನಿ ಹಾಳಾಗಿರುತ್ತದೆ ಅಂತ ಬರೆದರು. ಚಮಚದಲ್ಲಿ ಮೂತ್ರ ಹಾಕಿ ಮೇಣದಬತ್ತಿ ಮೇಲೆ ಹಿಡಿಯುತ್ತಿದ್ದ ಕಾಲ ಅದು. ನಾವು ಕಲಿಯುವಾಗ ಸ್ಪಿರಿಟ್ ಲ್ಯಾಂಪ್. ಟೆಸ್ಟ್ ಟ್ಯೂಬನ್ನು ಮುಕ್ಕಾಲು ತುಂಬಿಸಿ ಮೇಲಿನ ಭಾಗವನ್ನು ಮಾತ್ರ ಕಾಯಿಸುವುದು. ಮೇಲೆ ಬೆಳ್ಳಗೆ ಮೋಡ ಕಟ್ಟಿದರೆ ಎರಡು ಮೂರು ಹನಿ ಅಸಿಟಿಕ್ ಆಸಿಡ್ ಹಾಕುವುದು. ಮೋಡ ಕರಗಿದರೆ ಅದು ಫಾಸ್ಫೇಟ್, ಉಳಿದರೆ ಪ್ರೋಟೀನ್. ಕೆಳಗಿನ ಕಾಯಿಸದ ಭಾಗ ತಿಳಿಯಾಗೇ ಇರುವುದರಿಂದ ಹೋಲಿಸಿ ನೋಡುವುದು ಸುಲಭ.

ಚೆನ್ನಾಗಿ ಮಾಡಿದರೆ ಈಗಲೂ ಒಳ್ಳೇ ಪರೀಕ್ಷೆಯೇ. ಆದರೆ ಸರದಿಯಲ್ಲಿ ನಲವತ್ತು ಜನ ಕೂತಿರುವಾಗ ಯಾರು ಕುದಿಸುತ್ತಾರೆ ಹೇಳಿ.

ನೊರೆ ನೊರೆಯಾಗಿ ಹೋಗುತ್ತೆ. ಕಿಡ್ನಿ ಕಾಯಿಲೆನಾ?

ಆಗಿರಬಹುದು, ಆಗದೇ ಇರಬಹುದು. ಬೆಳಗಿನ ಗಟ್ಟಿ ಮೂತ್ರ ರಭಸವಾಗಿ ಬಿದ್ದರೆ ನೊರೆ ಬರುತ್ತದೆ. ಕಮೋಡಿಗೆ ಹಾಕಿದ ಕ್ಲೀನರ್ ಉಳಿದಿದ್ದರೂ ಬರುತ್ತದೆ. ನೀರು ಬಿಟ್ಟರೂ ಹೋಗದೆ ಉಳಿಯುವ ನೊರೆ, ದಿನಾ ಕಾಣುವ ನೊರೆ ಇದ್ದರೆ ಪಟ್ಟಿ ಹಾಕಿಸಿ. ಅಂದಾಜು ಮಾಡುತ್ತಾ ಕೂರುವುದಕ್ಕಿಂತ ಒಂದು ನಿಮಿಷದ ಕೆಲಸ.

ನನಗೆ ಏನೂ ತೊಂದರೆ ಇಲ್ಲ. ಸುಮ್ನೆ ಯಾಕೆ ಮಾಡಿಸಬೇಕು?

ಕಿಡ್ನಿ ನೋವು ಕೊಟ್ಟು ಹೇಳುವ ಅಂಗ ಅಲ್ಲ. ಕಲ್ಲು, ಸೋಂಕು ಬಿಟ್ಟರೆ ಹೆಚ್ಚಿನ ಕಿಡ್ನಿ ಕಾಯಿಲೆ ತುಂಬಾ ಮುಂದುವರಿಯುವ ತನಕ ಸದ್ದೇ ಮಾಡುವುದಿಲ್ಲ. ಶುಗರ್ ಇರುವವರು, ಬಿಪಿ ಇರುವವರು, ಮನೆಯಲ್ಲಿ ಯಾರಿಗಾದರೂ ಡಯಾಲಿಸಿಸ್ ಆಗಿದ್ದವರು, ಮಂಡಿ ನೋವಿಗೆ ಅಂತ ವರ್ಷಗಟ್ಟಲೆ ನೋವಿನ ಮಾತ್ರೆ ನುಂಗುತ್ತಿರುವವರು, ಇವರೆಲ್ಲ ವರ್ಷಕ್ಕೊಮ್ಮೆಯಾದರೂ ಮೂತ್ರ ಮತ್ತು ಕ್ರಿಯಾಟಿನಿನ್ ಎರಡನ್ನೂ ನೋಡಿಸಬೇಕು. ಇದ್ಯಾವುದೂ ಇಲ್ಲದ ಇಪ್ಪತ್ತೈದರ ಹುಡುಗ ತಿಂಗಳಿಗೊಮ್ಮೆ ಬಂದು ಪಟ್ಟಿ ಹಾಕಿಸಿಕೊಳ್ಳುವ ಅಗತ್ಯ ಇಲ್ಲ.

## ಮಾಡುವ ರೀತಿ

ಖಾಲಿ ಹೊಟ್ಟೆಯಲ್ಲಿ ಬರಬೇಕಾ? ಯಾವ ಹೊತ್ತಿನ ಯೂರಿನ್ ಕೊಡಬೇಕು?

ಉಪವಾಸ ಬೇಕಿಲ್ಲ. ಅಲ್ಬುಮಿನ್ ನೋಡುವುದಕ್ಕೆ ಬೆಳಗ್ಗೆ ಎದ್ದ ತಕ್ಷಣದ ಮೂತ್ರ ಒಳ್ಳೆಯದು. ರಾತ್ರಿಯಿಡೀ ಸೇರಿಕೊಂಡು ಗಟ್ಟಿಯಾಗಿರುತ್ತದೆ, ಸ್ವಲ್ಪ ಇದ್ದರೂ ಕಾಣುತ್ತದೆ. ಮೊದಲ ಸ್ವಲ್ಪ ಬಿಟ್ಟು ನಡುವಿನದನ್ನು ಹಿಡಿಯಿರಿ.

ಒಂದು ಮಾತು. "ಯೂರಿನ್ ಬರ್ತಿಲ್ಲ" ಅಂತ ಇಲ್ಲೇ ಕೂತು ಬಾಟಲಿಗಟ್ಟಲೆ ನೀರು ಕುಡಿದು ಕೊಡುತ್ತಾರಲ್ಲ, ಅದು ನೀರಿನ ಹಾಗೇ ಇರುತ್ತದೆ. ಅಂಥ ಸ್ಯಾಂಪಲ್‌ನಲ್ಲಿ ನಿಲ್, ಅಂದರೆ ಏನೂ ಇಲ್ಲ ಅಂತ, ಬಂದರೆ ಅದಕ್ಕೆ ಬೆಲೆ ಕಡಿಮೆ.

ಮನೆಯಿಂದ ಬಾಟಲಿಯಲ್ಲಿ ತಂದರೆ ಆಗಲ್ವಾ?

ಆಗುತ್ತದೆ, ಆದರೆ ಲ್ಯಾಬಿನಲ್ಲಿ ಕೊಡುವ ಡಬ್ಬಿಯಲ್ಲೇ ತನ್ನಿ. ಕೆಮ್ಮಿನ ಸಿರಪ್ ಬಾಟಲಿ, ಉಪ್ಪಿನಕಾಯಿ ಬಾಟಲಿ ತೊಳೆದು ತರುವವರು ಇನ್ನೂ ಇದ್ದಾರೆ. ತೊಳೆದ ಡೆಟರ್ಜೆಂಟ್ ಅಥವಾ ಡಿಸ್‌ಇನ್ಫೆಕ್ಟೆಂಟ್ ಒಳಗೆ ಉಳಿದಿದ್ದರೆ ಇಲ್ಲದ ಪ್ರೋಟೀನ್ ಕಾಣಿಸಬಹುದು. ಬ್ಲೀಚ್ ಉಳಿದಿದ್ದರೆ ಸಕ್ಕರೆ ಚೌಕ, ರಕ್ತದ ಚೌಕ ಎರಡೂ ಸುಳ್ಳು ಹೇಳುತ್ತವೆ. ಎರಡು ಗಂಟೆಯೊಳಗೆ ತಲುಪಿಸಿ. ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಮಧ್ಯಾಹ್ನದ ತನಕ ಇಟ್ಟ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆದು ಅದು ಕ್ಷಾರವಾಗುತ್ತದೆ. ಕ್ಷಾರ ಜಾಸ್ತಿಯಾದರೆ ಪ್ರೋಟೀನ್ ಚೌಕ ತಾನಾಗೇ ಹಸಿರಾಗುತ್ತದೆ.

ಮೆಡಿಕಲ್ ಶಾಪ್‌ನಲ್ಲಿ ಪಟ್ಟಿ ಸಿಗುತ್ತಲ್ಲ, ಮನೆಯಲ್ಲೇ ಮಾಡಬಹುದಾ?

ಧಾರಾಳವಾಗಿ. ಮೊದಲು ಬಾಟಲಿಯ ಮೇಲಿನ ಕೊನೆಯ ದಿನಾಂಕ ನೋಡಿ. ಕೈ ಒಣಗಿರಲಿ. ಒಂದೇ ಪಟ್ಟಿ ತೆಗೆದು ತಕ್ಷಣ ಮುಚ್ಚಳ ಬಿಗಿ ಮಾಡಿ. ಚೌಕಗಳನ್ನು ಬೆರಳಿಂದ ಮುಟ್ಟಬೇಡಿ. ಮೂತ್ರದಲ್ಲಿ ಎಲ್ಲ ಚೌಕ ಮುಳುಗುವಂತೆ ಅದ್ದಿ, ಒಂದು ಸೆಕೆಂಡಿನಲ್ಲಿ ತೆಗೆಯಿರಿ. ನೆನೆಹಾಕಿದರೆ ರಾಸಾಯನಿಕ ತೊಳೆದು ಹೋಗುತ್ತದೆ. ತೆಗೆಯುವಾಗ ಪಟ್ಟಿಯ ಅಂಚನ್ನು ಡಬ್ಬಿಯ ಬಾಯಿಗೆ ಸವರಿ, ಹೆಚ್ಚಿನ ಹನಿ ಇಳಿಯಲಿ. ಆಮೇಲೆ ಅಡ್ಡವಾಗಿ ಹಿಡಿಯಿರಿ. ಉದ್ದಕ್ಕೆ ಹಿಡಿದರೆ ಒಂದು ಚೌಕದ ನೀರು ಇನ್ನೊಂದಕ್ಕೆ ಇಳಿದು ಬಣ್ಣ ಕಲಸುತ್ತದೆ.

ಈಗ ಗಡಿಯಾರ. ಸಾಮಾನ್ಯವಾಗಿ ಸಕ್ಕರೆ 30 ಸೆಕೆಂಡಿಗೆ, ಪ್ರೋಟೀನ್ ಮತ್ತು ರಕ್ತ 60 ಸೆಕೆಂಡಿಗೆ, ಬಿಳಿ ರಕ್ತಕಣ 2 ನಿಮಿಷಕ್ಕೆ ಓದಬೇಕು. ನಿಮ್ಮ ಬಾಟಲಿಯ ಮೇಲೆ ಬೇರೆ ಸಮಯ ಇದ್ದರೆ ಅದನ್ನೇ ನಂಬಿ. ಐದು ನಿಮಿಷ ಬಿಟ್ಟು ಬಂದು "ನೀಲಿ ಆಗಿದೆ" ಅಂತ ಗಾಬರಿಯಾಗಬೇಡಿ, ಆ ಹೊತ್ತಿಗೆ ಬಣ್ಣಕ್ಕೆ ಅರ್ಥ ಇಲ್ಲ. ಬಾತ್‌ರೂಮಿನ ಹಳದಿ ಬಲ್ಬಿನ ಕೆಳಗೆ ಓದಬೇಡಿ. ಹಳದಿ, ತಿಳಿಹಸಿರಿನ ವ್ಯತ್ಯಾಸ ಆ ಬೆಳಕಲ್ಲಿ ತಿಳಿಯುವುದಿಲ್ಲ. ಕಿಟಕಿ ಹತ್ತಿರ ಹಗಲು ಬೆಳಕಿನಲ್ಲಿ ಬಾಟಲಿಯ ಚಾರ್ಟ್ ಪಕ್ಕ ಇಟ್ಟು ನೋಡಿ. ಫೋಟೋ ತೆಗೆದು ಕಳಿಸುವವರಿಗೂ ಇದೇ ಮಾತು. ಫೋನಿನ ಕ್ಯಾಮೆರಾ ಬಣ್ಣ ಬದಲಿಸುತ್ತದೆ, ಫೋಟೋ ನೋಡಿ ನಾನು 1+ ಅಂತಲೂ ಹೇಳುವುದಿಲ್ಲ, ನಿಲ್ ಅಂತಲೂ ಹೇಳುವುದಿಲ್ಲ.

ಪಟ್ಟಿ ಫ್ರಿಜ್‌ನಲ್ಲಿ ಇಡಬೇಕಾ? ಖರ್ಚು ಉಳಿಸೋಕೆ ಅರ್ಧಕ್ಕೆ ಸೀಳಬಹುದಾ?

ಎರಡೂ ಬೇಡ. ಫ್ರಿಜ್ಜಿನಿಂದ ತೆಗೆದಾಗ ಬೆವರುವ ನೀರೇ ಪಟ್ಟಿಗೆ ಶತ್ರು. ಮಾಮೂಲಿ ಕೋಣೆಯಲ್ಲಿ, ಬಿಸಿಲು ಬೀಳದ ಕಡೆ, ಅದರದೇ ಬಾಟಲಿಯಲ್ಲಿ ಇಡಿ. ಒಳಗಿರುವ ತೇವ ಹೀರುವ ಪೊಟ್ಟಣ ಎಸೆಯಬೇಡಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಜಾಸ್ತಿ ಎಚ್ಚರ ಇರಬೇಕು. ಅದ್ದುವ ಮೊದಲೇ ಚೌಕದ ಬಣ್ಣ ಮಾಸಿದ್ದರೆ ಆ ಬಾಟಲಿ ಬಿಡಿ. ಸೀಳಿದರೆ ಚೌಕದ ಅಂಚು ಎದ್ದು ಬರುತ್ತದೆ, ಓದುವುದೂ ಕಷ್ಟ.

ಮುಟ್ಟಾಗಿದ್ದೀನಿ, ಕೊಡಬಹುದಾ ಅಕ್ಕ?

ಮುಗಿದು ಎರಡು ಮೂರು ದಿನ ಆದಮೇಲೆ ಕೊಡಿ. ರಕ್ತದ ಚೌಕ ಖಂಡಿತ ಪಾಸಿಟಿವ್ ಬರುತ್ತದೆ, ಪ್ರೋಟೀನ್ ಕೂಡ ಬರಬಹುದು. ತುರ್ತು ಇದ್ದರೆ ಕೊಡಿ, ಆದರೆ ಕೌಂಟರಿನಲ್ಲಿ ಹೇಳಿಬಿಡಿ. ನಾಚಿಕೊಂಡು ಹೇಳದೇ ಹೋದರೆ ಆಮೇಲೆ ಸ್ಕ್ಯಾನಿಂಗು, ಇನ್ನೊಂದು ಟೆಸ್ಟು ಅಂತ ಸುಮ್ನೆ ಓಡಾಟ.

## ರಿಪೋರ್ಟ್ ಕೈಗೆ ಬಂದ ಮೇಲೆ

ಟ್ರೇಸ್, 1+, 2+ ಅಂದರೆ ಲೆಕ್ಕದಲ್ಲಿ ಎಷ್ಟು?

ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚು ಕಡಿಮೆ ಇದೆ. ಸಾಮಾನ್ಯವಾಗಿ 100 ಮಿಲಿಲೀಟರ್ ಮೂತ್ರದಲ್ಲಿ 15 ಮಿಲಿಗ್ರಾಂ ಸುಮಾರಿಗೆ ಟ್ರೇಸ್, 30ಕ್ಕೆ 1+, 100ಕ್ಕೆ 2+, 300ಕ್ಕೆ 3+, ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ 4+. ಅಂದರೆ 1+ನಿಂದ 3+ಗೆ ಹೋಗುವುದು ಮೂರು ಪಟ್ಟಲ್ಲ, ಹತ್ತು ಪಟ್ಟು. ಇವೆಲ್ಲ ಕಣ್ಣಂದಾಜಿನ ಮಟ್ಟಗಳು. ಒಂದೇ ಪಟ್ಟಿಯನ್ನು ಇಬ್ಬರು ಟೆಕ್ನೀಷಿಯನ್‌ಗಳು ನೋಡಿದರೆ ಒಬ್ಬರು ಟ್ರೇಸ್ ಅನ್ನಬಹುದು, ಇನ್ನೊಬ್ಬರು 1+ ಅನ್ನಬಹುದು.

ಅಲ್ಬುಮಿನ್ 1+ ಬಂದಿದೆ. ಕಿಡ್ನಿ ಹೋಯ್ತಾ?

ಇಲ್ಲ, ಮೊದಲು ಕೂತುಕೊಳ್ಳಿ. ಈ ಪ್ರಶ್ನೆ ಬರದ ದಿನವೇ ಇಲ್ಲ. ಜ್ವರ ಇತ್ತಾ? ಹಿಂದಿನ ದಿನ ಜಿಮ್ಮು, ಓಟ, ಕಬಡ್ಡಿ, ಗದ್ದೆ ಕೆಲಸ ಅಂತ ಮೈ ಮುರಿದು ದುಡಿದಿದ್ರಾ? ಉರಿಮೂತ್ರ ಇದೆಯಾ? ನೀರು ಕುಡಿಯದೆ ದಿನವಿಡೀ ಬಿಸಿಲಲ್ಲಿ ಇದ್ರಾ? ಇವುಗಳಲ್ಲಿ ಯಾವುದೇ ಇದ್ದರೂ ಒಂದೆರಡು ದಿನಕ್ಕೆ ಅಲ್ಬುಮಿನ್ ಕಾಣಿಸಿ ಮಾಯವಾಗಬಹುದು. ಹದಿಹರೆಯದ ಕೆಲವು ಮಕ್ಕಳಿಗೆ ನಿಂತು ಓಡಾಡುವಾಗ ಮಾತ್ರ ಬರುತ್ತದೆ, ಮಲಗಿ ಎದ್ದ ಮೂತ್ರದಲ್ಲಿ ಇರುವುದೇ ಇಲ್ಲ. ಅವರಿಗೆ ಅದರಿಂದ ತೊಂದರೆ ಇಲ್ಲ.

ಕಾರಣ ಕಳೆದ ಮೇಲೆ ಬೆಳಗಿನ ಮೊದಲ ಮೂತ್ರದಲ್ಲಿ ಮತ್ತೆ ನೋಡಿ. ಆಗಲೂ ಇದ್ದರೆ ಡಾಕ್ಟರ ಹತ್ತಿರ ಹೋಗಿ, ಎಸಿಆರ್ (ಮೂತ್ರದ ಅಲ್ಬುಮಿನ್ ಅಳೆಯುವ ಲ್ಯಾಬ್ ಪರೀಕ್ಷೆ, ಕೆಳಗೆ ವಿವರಿಸಿದ್ದೇನೆ) ಮತ್ತು ಕ್ರಿಯಾಟಿನಿನ್ ಮಾಡಿಸಿ. ದೀರ್ಘಕಾಲದ ಕಿಡ್ನಿ ಕಾಯಿಲೆ ಅಂತ ಹೆಸರಿಡುವುದಕ್ಕೆ ತೊಂದರೆ ಕನಿಷ್ಠ 3 ತಿಂಗಳು ಇರಬೇಕು. ಒಂದೇ ಒಂದು ಪಟ್ಟಿ ನೋಡಿ ಯಾರಾದರೂ "ನಿಮ್ಮ ಕಿಡ್ನಿ ಇಷ್ಟು ಪರ್ಸೆಂಟ್ ಹೋಗಿದೆ" ಅಂದರೆ ಅಲ್ಲಿಂದ ಎದ್ದು ಬನ್ನಿ. ಆದರೆ 3+ ಬಂದಿದ್ದು, ಮುಖ ಕಾಲು ಊದಿದ್ದರೆ ಕಾಯುವ ಮಾತಿಲ್ಲ, ಆವತ್ತೇ ಡಾಕ್ಟರ್.

ಅಲ್ಬುಮಿನ್ ನಿಲ್ ಇದೆ. ಮತ್ತೆ ಡಾಕ್ಟ್ರು ಕ್ರಿಯಾಟಿನಿನ್ ಯಾಕೆ ಬರೆದರು, ದುಡ್ಡಿಗಾ?

ದುಡ್ಡಿಗಲ್ಲ. ಸೋರಿಕೆ ಇಲ್ಲದೆಯೂ ಕಿಡ್ನಿಯ ಕೆಲಸ ಕುಸಿಯಬಹುದು. ಆಂಧ್ರದ ಶ್ರೀಕಾಕುಳಂ ಕಡೆಯ ಉದ್ದಾನಂ ಹೆಸರು ಕೇಳಿರಬಹುದು. ಅಲ್ಲಿ ತೆಂಗು, ಗೋಡಂಬಿ ತೋಟಗಳ ನಡುವಿನ ಹಳ್ಳಿಗಳಲ್ಲಿ ಶುಗರ್, ಬಿಪಿ ಇಲ್ಲದ ಕೂಲಿಕಾರರಿಗೂ ಕಿಡ್ನಿ ಹಾಳಾಗುತ್ತದೆ. ಕಾರಣ ಇನ್ನೂ ಖಚಿತವಾಗಿ ಪತ್ತೆಯಾಗಿಲ್ಲ. ಆ ಬಗೆಯ ಕಾಯಿಲೆಯಲ್ಲಿ ಮೂತ್ರದಲ್ಲಿ ಪ್ರೋಟೀನ್ ಹೋಗುವುದು ಕಡಿಮೆ, ಎಷ್ಟೋ ಸಲ ಇರುವುದೇ ಇಲ್ಲ. ಬರೀ ಪಟ್ಟಿ ನಂಬಿಕೊಂಡು ಊರೂರು ತಪಾಸಣೆ ಮಾಡಿದರೆ ಅಂಥವರು ಕೈತಪ್ಪಿ ಹೋಗುತ್ತಾರೆ. ಪ್ರಾಸ್ಟೇಟ್ ಊದಿಕೊಂಡು ಮೂತ್ರ ಕಟ್ಟಿದ ಅಜ್ಜಂದಿರದೂ ಹೀಗೇ, ಪಟ್ಟಿ ನಿಲ್, ಕ್ರಿಯಾಟಿನಿನ್ ಮೇಲೆ.

ಕ್ರಿಯಾಟಿನಿನ್ 1.2 ಇದೆ, ನಾರ್ಮಲ್ ಒಳಗೇ ಇದೆಯಲ್ಲ?

ಯಾರದ್ದು ಅನ್ನುವುದರ ಮೇಲೆ ಹೋಗುತ್ತದೆ. ಕ್ರಿಯಾಟಿನಿನ್ ಬರುವುದು ಸ್ನಾಯುಗಳಿಂದ. 25ರ ಗಂಡಸಿಗೆ 1.2 ಇದ್ದರೆ 2021ರ ಸಿಕೆಡಿ-ಎಪಿ ಸೂತ್ರದಲ್ಲಿ ಇಜಿಎಫ್‌ಆರ್ 86ರ ಸುಮಾರು, ಚೆನ್ನಾಗಿದೆ. ಅದೇ 1.2 ಸಣಕಲು ಮೈಯ 70ರ ಅಜ್ಜಿಗೆ ಬಂದರೆ ಇಜಿಎಫ್‌ಆರ್ 50ಕ್ಕಿಂತ ಕೆಳಗೆ. 60ಕ್ಕಿಂತ ಕಡಿಮೆ 3 ತಿಂಗಳು ಉಳಿದರೆ ಅದು ಕಿಡ್ನಿ ಕಾಯಿಲೆ. ರಿಪೋರ್ಟಿನಲ್ಲಿ ದಪ್ಪ ಅಕ್ಷರ ಇಲ್ಲ, ನಕ್ಷತ್ರದ ಗುರುತಿಲ್ಲ ಅಂತ ಎಷ್ಟೋ ಮನೆಯ ಅಜ್ಜಿಯರ ಚೀಟಿ ಕ್ಯಾಲೆಂಡರಿನ ಹಿಂದೆ ಸೇರಿಬಿಡುತ್ತದೆ. ಇಜಿಎಫ್‌ಆರ್ ಬರೆದುಕೊಡಿ ಅಂತ ಕೇಳಿ. ಅದಕ್ಕೆ ಹೊಸದಾಗಿ ರಕ್ತ ಬೇಕಿಲ್ಲ.

ರಕ್ತದಲ್ಲಿ ಶುಗರ್ 130, ಯೂರಿನ್‌ನಲ್ಲಿ ಮಾತ್ರ 3+. ನಿಮ್ಮ ಲ್ಯಾಬ್ ತಪ್ಪಾ?

ಮಾತ್ರೆ ಚೀಟಿ ತೋರಿಸಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಇದ್ದರೆ ರಿಪೋರ್ಟ್ ಸರಿಯಾಗೇ ಇದೆ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದೇ ಆ ಮಾತ್ರೆಗಳ ಕೆಲಸ. ಕಿಡ್ನಿಗೂ ಅವು ಒಳ್ಳೆಯವು ಅಂತ ಈಗ ಶುಗರ್ ಇಲ್ಲದ ಕಿಡ್ನಿ ರೋಗಿಗಳಿಗೂ ಕೊಡುತ್ತಾರೆ. ಆ ಮಾತ್ರೆ ಇಲ್ಲದವರಿಗೆ ರಕ್ತದ ಸಕ್ಕರೆ ಸುಮಾರು 180 ದಾಟಿದ ಮೇಲೆ ಮೂತ್ರದಲ್ಲಿ ಕಾಣುತ್ತದೆ. ಬಸುರಿಯರಿಗೆ ಅದಕ್ಕಿಂತ ಮೊದಲೇ ಕಾಣಬಹುದು.

ಬ್ಲಡ್ 2+ ಅಂತಿದೆ, ಆದರೆ ಯೂರಿನ್ ಕೆಂಪಗೇ ಇಲ್ಲ.

ಕಣ್ಣಿಗೆ ಕಾಣದಷ್ಟು ರಕ್ತವನ್ನೂ ಆ ಚೌಕ ಹಿಡಿಯುತ್ತದೆ. ಆದರೆ ಅದು ಹಿಡಿಯುವುದು ಹಿಮೋಗ್ಲೋಬಿನ್‌ನ ಗುಣವನ್ನು. ಸ್ನಾಯು ಜಜ್ಜಿಹೋದಾಗ ಬರುವ ಮಯೋಗ್ಲೋಬಿನ್‌ಗೂ ಅದೇ ಗುಣ ಇದೆ. ಕೊಳಕುಮಂಡಲ ಹಾವು ಕಚ್ಚಿದವರಲ್ಲಿ ರಕ್ತಕಣ ಒಡೆದರೂ ಪಾಸಿಟಿವ್. ಹಾಗಾಗಿ ಪಟ್ಟಿ ಪಾಸಿಟಿವ್ ಬಂದರೆ ನಾವು ಮೈಕ್ರೋಸ್ಕೋಪಿನಲ್ಲಿ ಕೆಂಪುಕಣ ಇದೆಯಾ ಅಂತ ನೋಡುತ್ತೇವೆ. ಕಲ್ಲು, ಸೋಂಕು, ಕಿಡ್ನಿಯ ಉರಿಯೂತ, ಕೆಲವೊಮ್ಮೆ ಗೆಡ್ಡೆ, ಕಾರಣ ಏನೂ ಆಗಿರಬಹುದು. ರಕ್ತ ಮತ್ತು ಪ್ರೋಟೀನ್ ಎರಡೂ ಒಟ್ಟಿಗೆ ಇದ್ದರೆ ತಡಮಾಡಬೇಡಿ.

ಇದಕ್ಕೆ ಉಲ್ಟಾ, ಬೀಟ್‌ರೂಟ್ ಪಲ್ಯ ತಿಂದ ಮರುದಿನ ಮೂತ್ರ ಕೆಂಪಗಾದರೂ ಪಟ್ಟಿ ನೆಗೆಟಿವ್. ಇನ್ನೊಂದು, ವಿಟಮಿನ್ ಸಿ ಮಾತ್ರೆ ಚೆನ್ನಾಗಿ ನುಂಗುವವರಲ್ಲಿ ರಕ್ತ, ಸಕ್ಕರೆ ಎರಡೂ ಇದ್ದರೂ ಪಟ್ಟಿಗೆ ಕಾಣದೇ ಹೋಗಬಹುದು.

## ಬಸುರಿಯರು, ಮಕ್ಕಳು, ಶುಗರ್ ಇರುವವರು

ಮಗಳು ಬಸುರಿ. ಪ್ರತಿ ಸಲ ಹೋದಾಗಲೂ ಯೂರಿನ್ ಕೇಳ್ತಾರೆ, ಒಂದು ಸಲ ಮಾಡಿದ್ದು ಸಾಲದಾ ಅಮ್ಮ?

ಸಾಲದು. ತಾಯಿ ಕಾರ್ಡಿನಲ್ಲಿ ಪ್ರತಿ ಭೇಟಿಗೂ ಬಿಪಿ ಪಕ್ಕದಲ್ಲೇ ಮೂತ್ರದ ಅಲ್ಬುಮಿನ್, ಸಕ್ಕರೆಗೆ ಜಾಗ ಇರುವುದು ಇದಕ್ಕೇ. 20 ವಾರ ಆದಮೇಲೆ ಬಿಪಿ 140/90 ಮುಟ್ಟಿ ಮೂತ್ರದಲ್ಲಿ ಪ್ರೋಟೀನ್ ಬಂದರೆ ಅದು ಪ್ರಿ-ಎಕ್ಲಾಂಪ್ಸಿಯಾ ಇರಬಹುದು. ಬಿಟ್ಟರೆ ಫಿಟ್ಸ್ ಬಂದು ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು. ಹೋದ ತಿಂಗಳು ನಿಲ್ ಇತ್ತು ಅನ್ನುವುದು ಈ ತಿಂಗಳಿಗೆ ಲೆಕ್ಕಕ್ಕಿಲ್ಲ. ತಲೆಸಿಡಿತ, ಕಣ್ಣು ಮಂಜು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಇದ್ದಕ್ಕಿದ್ದಂತೆ ಮುಖ ಕೈ ಊದುವುದು ಕಂಡರೆ ಪಟ್ಟಿ ನಿಲ್ ಇದ್ದರೂ ಆಸ್ಪತ್ರೆಗೆ ಹೊರಡಿ. ಪ್ರೋಟೀನ್ ಇಲ್ಲದೆಯೂ ಈ ಕಾಯಿಲೆ ಬರುತ್ತದೆ. "ಬಸುರಿ ಅಂದಮೇಲೆ ಊತ ಇದ್ದದ್ದೇ" ಅನ್ನುವ ಹಿರಿಯರ ಮಾತನ್ನು ಈ ಒಂದು ವಿಷಯದಲ್ಲಿ ಪಕ್ಕಕ್ಕಿಡಿ.

ಮಗುವಿಗೆ ನೆಫ್ರೋಟಿಕ್ ಸಿಂಡ್ರೋಮ್ ಅಂದಿದ್ದಾರೆ. ದಿನಾ ಮನೆಯಲ್ಲಿ ಪಟ್ಟಿ ಹಾಕಿ ಬರೆದಿಡಿ ಅಂದರು. ಇದು ಎಷ್ಟು ದಿನ?

ಡಾಕ್ಟರು ಸಾಕು ಅನ್ನುವ ತನಕ, ಬಹಳ ಸಲ ವರ್ಷಗಳೇ. ಪಟ್ಟಿಯಿಂದ ಅತಿ ಹೆಚ್ಚು ಉಪಯೋಗ ಯಾರಿಗೆ ಅಂತ ಕೇಳಿದರೆ ನಾನು ಈ ಮಕ್ಕಳ ತಾಯಂದಿರನ್ನು ತೋರಿಸುತ್ತೇನೆ. ಮೂತ್ರದಲ್ಲಿ ಪ್ರೋಟೀನ್ ವಿಪರೀತ ಸೋರಿ ಮೈ ಊದುವ ಈ ಕಾಯಿಲೆ ಹೆಚ್ಚಾಗಿ ಎರಡರಿಂದ ಆರು ವರ್ಷದ ಮಕ್ಕಳಿಗೆ ಬರುತ್ತದೆ. ಬೆಳಗ್ಗೆ ಕಣ್ಣಿನ ಸುತ್ತ ಊದಿರುತ್ತದೆ, ಮೊದಲು ಅಲರ್ಜಿ ಅಂದುಕೊಳ್ಳುತ್ತಾರೆ. ಪಟ್ಟಿ ಹಾಕಿದರೆ ಒಂದು ನಿಮಿಷವೂ ಕಾಯಬೇಕಿಲ್ಲ, ಕಡು ಹಸಿರು. ಹೆಚ್ಚಿನ ಮಕ್ಕಳು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಗೆ ಚೆನ್ನಾಗಿ ಬಗ್ಗುತ್ತಾರೆ, ಆದರೆ ಕಾಯಿಲೆ ಮರುಕಳಿಸುವುದು ಜಾಸ್ತಿ.

ಮನೆಯ ಲೆಕ್ಕ ಹೀಗೆ: ಬೆಳಗಿನ ಮೂತ್ರ ಸತತ 3 ದಿನ ನಿಲ್ ಅಥವಾ ಟ್ರೇಸ್ ಬಂದರೆ ಕಾಯಿಲೆ ಹತೋಟಿಗೆ ಬಂತು. ಸತತ 3 ದಿನ 3+ ಅಥವಾ ಮೇಲೆ ಬಂದರೆ ಮರುಕಳಿಸಿತು, ಊತ ಬರುವ ತನಕ ಕಾಯದೆ ಡಾಕ್ಟರಿಗೆ ಫೋನ್ ಮಾಡಿ. ನೆಗಡಿ ಜ್ವರ ಬಂದಾಗ ಒಂದು ದಿನ ಮಾತ್ರ ಏರಿ ಇಳಿಯುವುದು ಉಂಟು, ಅದಕ್ಕೇ ಮೂರು ದಿನದ ನಿಯಮ. ಹಳೇ ಶಾಲಾ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ತಾರೀಖು, ಪಟ್ಟಿಯ ಫಲಿತಾಂಶ, ಕೊಟ್ಟ ಮಾತ್ರೆ, ತೂಕ, ಜ್ವರ ಇತ್ತಾ ಅಂತ ಬರೆಯಿರಿ. ಸ್ಟೀರಾಯ್ಡ್ ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ, ನೀವಾಗಿ ಶುರುವೂ ಮಾಡಬೇಡಿ.

ನನಗೆ ಹತ್ತು ವರ್ಷದಿಂದ ಶುಗರ್. ಪಟ್ಟಿಯಲ್ಲಿ ಯಾವಾಗಲೂ ನಿಲ್. ಸಾಕಲ್ವಾ?

ಸಾಲದು. ಶುಗರಿನಿಂದ ಕಿಡ್ನಿಗೆ ಪೆಟ್ಟು ಬೀಳುವಾಗ ಮೊದಲು ಹೋಗುವುದು ತೀರಾ ಸ್ವಲ್ಪ ಅಲ್ಬುಮಿನ್, ಮೈಕ್ರೋಅಲ್ಬುಮಿನ್ ಅಂತ ಬರೆಯುತ್ತಾರಲ್ಲ ಅದು. ಮಾಮೂಲಿ ಪಟ್ಟಿಗೆ ಅಷ್ಟು ಸೂಕ್ಷ್ಮ ಇಲ್ಲ. ಟೈಪ್ 2 ಶುಗರ್ ಇರುವವರು ಕಾಯಿಲೆ ಗೊತ್ತಾದ ವರ್ಷದಿಂದಲೇ, ಟೈಪ್ 1 ಇರುವವರು 5 ವರ್ಷ ಆದಮೇಲೆ, ವರ್ಷಕ್ಕೊಮ್ಮೆ ಎಸಿಆರ್ ಮಾಡಿಸಬೇಕು.

## ಇನ್ನೂ ಸ್ವಲ್ಪ ಆಳಕ್ಕೆ

ಎಸಿಆರ್ ಅಂದರೆ ಏನು? ಪಟ್ಟಿಗಿಂತ ಹೇಗೆ ಮೇಲು?

ಒಂದೇ ಮೂತ್ರದಲ್ಲಿ ಅಲ್ಬುಮಿನ್ ಎಷ್ಟು, ಕ್ರಿಯಾಟಿನಿನ್ ಎಷ್ಟು ಅಂತ ಎರಡನ್ನೂ ಅಳೆದು ಭಾಗಿಸುವುದು. ಯಾಕೆ ಬೇಕು ಅಂದರೆ, ಲೀಟರಿಗೆ 60 ಮಿಲಿಗ್ರಾಂ ಅಲ್ಬುಮಿನ್, ಅರ್ಧ ಗ್ರಾಂ ಕ್ರಿಯಾಟಿನಿನ್ ಇದೆ ಅಂದುಕೊಳ್ಳಿ. ಭಾಗಿಸಿದರೆ ಗ್ರಾಂಗೆ 120. ಅದೇ ಮನುಷ್ಯ ನೀರು ಜಾಸ್ತಿ ಕುಡಿದು ಕೊಟ್ಟರೆ 60 ಹೋಗಿ 30 ಆಗುತ್ತದೆ, ಕ್ರಿಯಾಟಿನಿನ್ ಕೂಡ ಕಾಲು ಗ್ರಾಂಗೆ ಇಳಿಯುತ್ತದೆ, ಭಾಗಿಸಿದರೆ ಮತ್ತೆ 120. ನೀರು ಲೆಕ್ಕದಿಂದ ಆಚೆ ಹೋಯಿತು. ಪಟ್ಟಿಯಲ್ಲಿ ಈ ಎರಡು ಸ್ಯಾಂಪಲ್‌ಗಳೂ ಬಹುಶಃ ನಿಲ್ ಅಂತಲೇ ಬರುತ್ತಿದ್ದವು.

30ರ ಒಳಗಿದ್ದರೆ ಸರಿ. 30ರಿಂದ 300 ಇದ್ದರೆ ಎಚ್ಚರ. 300 ದಾಟಿದರೆ ಜಾಸ್ತಿ ಸೋರಿಕೆ. 24 ಗಂಟೆ ಕ್ಯಾನಿನಲ್ಲಿ ಮೂತ್ರ ಹಿಡಿದು ತರುವ ಕಷ್ಟವೂ ಇದರಿಂದ ಬಹುಮಟ್ಟಿಗೆ ತಪ್ಪಿತು.

ಪಟ್ಟಿಗೆ ಕಾಣದ ಪ್ರೋಟೀನ್ ಕೂಡ ಇದೆಯಂತೆ, ನಿಜವಾ?

ನಿಜ. ಪಟ್ಟಿಯ ಬಣ್ಣ ಅಲ್ಬುಮಿನ್‌ಗೆ ಚೆನ್ನಾಗಿ ಅಂಟುತ್ತದೆ, ಬೇರೆ ಪ್ರೋಟೀನ್‌ಗೆ ಅಷ್ಟಾಗಿ ಇಲ್ಲ. ಮಲ್ಟಿಪಲ್ ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರಿನಲ್ಲಿ ಬೆನ್ಸ್ ಜೋನ್ಸ್ ಪ್ರೋಟೀನ್ ರಾಶಿ ರಾಶಿ ಹೋಗುತ್ತಿದ್ದರೂ ಪಟ್ಟಿ ಹಳದಿಯಾಗೇ ಉಳಿಯಬಹುದು. ಅದೇ ಮೂತ್ರಕ್ಕೆ ಸಲ್ಫೋಸ್ಯಾಲಿಸಿಲಿಕ್ ಆಸಿಡ್ ಹಾಕಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಯಾಕೆಂದರೆ ಅದು ಎಲ್ಲ ಪ್ರೋಟೀನನ್ನೂ ಗರಣೆ ಕಟ್ಟಿಸುತ್ತದೆ. ಬೆನ್ನುಮೂಳೆ ನೋವು, ರಕ್ತ ಕಡಿಮೆ, ಕ್ರಿಯಾಟಿನಿನ್ ಮೇಲೆ, ಪಟ್ಟಿ ಮಾತ್ರ ನಿಲ್, ಈ ನಾಲ್ಕೂ ವಯಸ್ಸಾದವರೊಬ್ಬರಲ್ಲಿ ಸೇರಿದರೆ ಡಾಕ್ಟರು ಅತ್ತ ಕಡೆ ಯೋಚಿಸುತ್ತಾರೆ.

ಬಿಪಿ ನಾರ್ಮಲ್ ಇದ್ದರೂ ಬಿಪಿ ಮಾತ್ರೆ ಕೊಟ್ಟಿದ್ದಾರೆ. ಯಾಕೆ?

ಟೆಲ್ಮಿಸಾರ್ಟನ್, ರಾಮಿಪ್ರಿಲ್ ಜಾತಿಯ ಮಾತ್ರೆಗಳು ಕಿಡ್ನಿಯ ಸೋಸುಗಂಟಿನ ಒಳಗಿನ ಒತ್ತಡವನ್ನೂ ಇಳಿಸುತ್ತವೆ, ಸೋರಿಕೆ ಕಡಿಮೆಯಾಗುತ್ತದೆ. ಶುರು ಮಾಡಿದ ಒಂದೆರಡು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ಮತ್ತೆ ನೋಡಿಸಲು ಹೇಳುತ್ತಾರೆ, ಅದನ್ನು ತಪ್ಪಿಸಬೇಡಿ. ಬಸುರಿಯರು ಈ ಮಾತ್ರೆ ತೆಗೆದುಕೊಳ್ಳಬಾರದು.

ಬಾಳೆದಿಂಡಿನ ರಸ ಕುಡಿದರೆ ಅಲ್ಬುಮಿನ್ ನಿಲ್ಲುತ್ತಾ? ಬೇಳೆ, ಮೊಟ್ಟೆ ಬಿಡಬೇಕಾ?

ಬಾಳೆದಿಂಡು ಪಲ್ಯ ಮಾಡಿ ತಿನ್ನಿ, ರುಚಿಯಾಗಿರುತ್ತದೆ. ಅಲ್ಬುಮಿನ್‌ಗೆ ಅದು ಮದ್ದಲ್ಲ. ಭಯ ಆಗುವುದು ಬೇರೆ ರಸಗಳಿಗೆ. ಧಾರೆಹುಳಿ ಅಂದರೆ ಕಮರಾಕ್ಷಿ, ಬಿಂಬುಳಿ, ಇವೆರಡರಲ್ಲೂ ಆಕ್ಸಲೇಟ್ ತುಂಬಾ ಇದೆ. ಕೊಲೆಸ್ಟರಾಲಿಗೆ ಒಳ್ಳೆಯದು ಅಂತ ಬಿಂಬುಳಿ ರಸ ಲೋಟಗಟ್ಟಲೆ ಕುಡಿದು ಕಿಡ್ನಿ ಕೈಕೊಟ್ಟ ಪ್ರಕರಣಗಳು ಕೇರಳದಿಂದ ವರದಿಯಾಗಿವೆ. ಕಿಡ್ನಿ ಮೊದಲೇ ಸೋತವರಿಗೆ ಕಮರಾಕ್ಷಿ ತಲೆಗೂ ಏರುತ್ತದೆ: ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್.

ಬೇಳೆ, ಮೊಟ್ಟೆ ವಿಷಯ ಡಾಕ್ಟರು ಅಥವಾ ಡಯಟೀಷಿಯನ್ ಹೇಳಿದಷ್ಟು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ ಅಂತ ರಾಶಿ ಪ್ರೋಟೀನ್ ಪೌಡರ್ ತಿನ್ನುವುದೂ ತಪ್ಪು, ಹೆದರಿ ಅನ್ನ ತಿಳಿಸಾರಿನಲ್ಲೇ ಬದುಕುವುದೂ ತಪ್ಪು. ಉಪ್ಪು ಕಡಿಮೆ ಮಾಡುವುದಕ್ಕೆ ಮಾತ್ರ ಯಾರನ್ನೂ ಕೇಳಬೇಕಿಲ್ಲ. ಹಪ್ಪಳ, ಉಪ್ಪಿನಕಾಯಿ, ಬೇಕರಿ ಖಾರಾ ತಿಂಡಿ ಇವೇ ಮೊದಲು.

ಕಡಿಮೆ ಖರ್ಚಿನಲ್ಲಿ ಎಲ್ಲಿ ಮಾಡಿಸೋದು?

ಮೂತ್ರದ ಪಟ್ಟಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ. ಬೆಂಗಳೂರು ಮತ್ತು ಬೇರೆ ಊರುಗಳಲ್ಲಿ ‘ನಮ್ಮ ಕ್ಲಿನಿಕ್’ ಹೆಸರಿನ ಸರ್ಕಾರಿ ಕ್ಲಿನಿಕ್‌ಗಳಲ್ಲೂ ಕೇಳಿ ನೋಡಿ. ಕ್ರಿಯಾಟಿನಿನ್‌ಗೆ ತಾಲ್ಲೂಕು ಆಸ್ಪತ್ರೆ. ದೊಡ್ಡ ತೊಂದರೆ ಅಂತಾದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ಹೋಗುವಾಗ ಹಳೇ ರಿಪೋರ್ಟುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋಗಿ, ಟ್ರೇಸ್ ಅಂತ ಬರೆದ ಚೀಟಿ ಕೂಡ ಇರಲಿ. ಈ ಸೋರಿಕೆ ಯಾವಾಗಿಂದ ಅನ್ನುವುದೇ ಅಲ್ಲಿ ಕೇಳುವ ಮೊದಲ ಪ್ರಶ್ನೆ.